ಮೊದಲು ವೈರಲ್ ಆದದ್ದೇ ಬೇಲಿಯಾದರೆ

(ಚಿತ್ರಕಲೆ ಕಲಿಯುತ್ತಿರುವ ಯುವಜನರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೋಷಿಯಲ್ ಮೀಡಿಯಾದಲ್ಲಿ ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಎಷ್ಟು ಹೊತ್ತಿಗೆ ಪೋಸ್ಟ್ ಹಾಕಬೇಕು, ಯಾವ ಆಡಿಯೋ ಹಾಕಬೇಕು, ಎಷ್ಟು ಹ್ಯಾಶ್‌ಟ್ಯಾಗ್ ಇರಬೇಕು, ಎಲ್ಲದಕ್ಕೂ ಉತ್ತರ ಸಿಗುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಅದರ ಮುಂದಿನದು. ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಲಕ್ಷಗಟ್ಟಲೆ ಜನ ಬಂದು ಎದುರು ನಿಂತರು ಅಂತಿಟ್ಟುಕೊಳ್ಳಿ. ಆಮೇಲೆ ಆ ಹುಡುಗಿಯ ಕೈ ಏನಾಗುತ್ತದೆ? ಆ ಹುಡುಗ ಮುಂದಿನ ಹತ್ತು ವರ್ಷ ಏನು ಬಿಡಿಸುತ್ತಾನೆ?

ಜನ ಸೇರುವುದು ಕೆಟ್ಟದ್ದು ಅಂತ ಹೇಳೋಕೆ ನಾನು ಬಂದಿಲ್ಲ. ಚಿತ್ರಕ್ಕೆ ನೋಡುವವರು ಬೇಕೇ ಬೇಕು. ಯಾರ ಪರಿಚಯವೂ ಇಲ್ಲದ, ಗ್ಯಾಲರಿಯ ಮೆಟ್ಟಿಲು ಹತ್ತದ ಎಷ್ಟೋ ಹುಡುಗರಿಗೆ ಈ ಫೋನು ಬಾಗಿಲು ತೆರೆದಿದೆ. ಅದು ಸಣ್ಣ ಮಾತಲ್ಲ. ನನ್ನ ಆತಂಕ ಬೇರೆ. ಕೈ ಇನ್ನೂ ಪಳಗುತ್ತಿರುವಾಗಲೇ ಜನ ಬಂದುಬಿಟ್ಟರೆ, ಅವರು ಬಂದ ದಿನ ನೀವು ಏನು ಬಿಡಿಸುತ್ತಿದ್ದಿರೋ ಅಲ್ಲೇ ನಿಂತುಬಿಡುವ ಅಪಾಯ ಇದೆ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಡೆವನ್ ರೋಡ್ರಿಗಸ್ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು. 1996ರಲ್ಲಿ ಹುಟ್ಟಿದವರು, ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಬೆಳೆದವರು. ಹದಿಹರೆಯದಿಂದಲೇ ಸಬ್‌ವೇ ರೈಲಿನಲ್ಲಿ ಎದುರು ಕೂತವರ ಮುಖ ಬಿಡಿಸುತ್ತಿದ್ದರು. ಆಮೇಲೆ ಅದೇ ಪ್ರಯಾಣಿಕರನ್ನು ತೈಲವರ್ಣದಲ್ಲಿ, ಫೋಟೋ ಅನ್ನುವಷ್ಟು ಕರಾರುವಾಕ್ಕಾಗಿ ಬಿಡಿಸತೊಡಗಿದರು. 2019ರಲ್ಲಿ ಅವರು ಬಿಡಿಸಿದ ಶಿಲ್ಪಿ ಜಾನ್ ಅಹರ್ನ್ ಅವರ ಭಾವಚಿತ್ರ, ಅಮೆರಿಕದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ನಡೆಸುವ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂತು. ಆಗ ಅವರನ್ನು ಬಲ್ಲವರು ಆ ವಲಯದ ಒಂದಷ್ಟು ಜನ ಮಾತ್ರ. 2020ರಲ್ಲಿ ಟಿಕ್‌ಟಾಕಿಗೆ ವಿಡಿಯೋ ಹಾಕೋಕೆ ಶುರು ಮಾಡಿದರು. ರೈಲಿನಲ್ಲಿ ಅಪರಿಚಿತರೊಬ್ಬರನ್ನು ಬಿಡಿಸಿ, ಆ ಹಾಳೆಯನ್ನು ಅವರ ಕೈಗೇ ಕೊಡುವ ವಿಡಿಯೋ. ಅದು ಹಬ್ಬಿದ ರೀತಿ ನಿಮಗೆ ಗೊತ್ತು. ಕೆಲವೇ ವರ್ಷಗಳಲ್ಲಿ ಅವರ ಟಿಕ್‌ಟಾಕ್ ಫಾಲೋವರ್ಸ್ ಮೂರು ಕೋಟಿ ದಾಟಿದರು.

ಅಂಥ ಒಂದು ವಿಡಿಯೋ ತೆಗೆದುಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿ. ನಾನು ಹಾಗೆ ನೋಡಿದ್ದೇನೆ. ನಿಮ್ಮಲ್ಲಿ ಈ ದಾರಿಗೆ ಬರಬೇಕು ಅನ್ನುವವರು ಒಂದು ಸಲವಾದರೂ ಹಾಗೆ ನೋಡಬೇಕು.

ಮೊದಲ ಒಂದೆರಡು ಸೆಕೆಂಡಿನಲ್ಲೇ ಎದುರಿನ ವ್ಯಕ್ತಿ ಕಾಣುತ್ತಾರೆ. ಯಾವುದೋ ಯೋಚನೆಯಲ್ಲಿ, ಎಲ್ಲೋ ನೋಡುತ್ತಾ ಕೂತಿರುತ್ತಾರೆ. ನಂತರ ಹಾಳೆ, ಅದರ ಮೇಲೆ ಪೆನ್ಸಿಲ್ ಹಿಡಿದ ಕೈ. ಕಣ್ಣು ಮೂಡುತ್ತದೆ, ಮೂಗಿನ ಗೆರೆ ಬರುತ್ತದೆ. ಮತ್ತೆ ಆ ವ್ಯಕ್ತಿಯ ಮುಖ. ಮತ್ತೆ ಹಾಳೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಈ ಗುಟ್ಟೇ ನಮ್ಮನ್ನು ಹಿಡಿದಿಡುತ್ತದೆ. ಆಮೇಲೆ ಕಲಾವಿದ ಎದ್ದು ಹೋಗಿ ಹಾಳೆ ಚಾಚುತ್ತಾರೆ. ಆ ಕ್ಷಣ ಕ್ಯಾಮೆರಾ ಎಲ್ಲಿರುತ್ತದೆ ನೋಡಿ. ಚಿತ್ರದ ಮೇಲೆ ಅಲ್ಲ, ಆ ವ್ಯಕ್ತಿಯ ಮುಖದ ಮೇಲೆ. ಹುಬ್ಬು ಏರುತ್ತದೆ, ಬಾಯಿ ತೆರೆಯುತ್ತದೆ, ಕೆಲವರ ಕಣ್ಣು ತುಂಬುತ್ತದೆ. ನಾವು ಅಷ್ಟು ಹೊತ್ತು ಕಾದಿದ್ದು ಆ ಮುಖಕ್ಕೆ. ಮುಗಿದ ಚಿತ್ರ ತೆರೆಯ ಮೇಲೆ ಸ್ವಲ್ಪವೇ ಹೊತ್ತು ಇರುತ್ತದೆ. ಗಲ್ಲದ ನೆರಳು ಹೇಗೆ ಬಂದಿದೆ, ಕುತ್ತಿಗೆ ಹೇಗೆ ನಿಂತಿದೆ ಅಂತ ನೋಡೋಕೆ ನಮಗೆ ಪುರುಸೊತ್ತೇ ಇರುವುದಿಲ್ಲ.

ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ. ಅಪರಿಚಿತರೊಬ್ಬರಿಗೆ 'ನಿಮ್ಮನ್ನು ನಾನು ಗಮನಿಸಿದೆ' ಅಂತ ಹೇಳುವುದು ದೊಡ್ಡ ವಿಷಯ. ಆ ಮುಖಗಳನ್ನು ನೋಡಿ ನನಗೂ ಸಂತೋಷವಾಗುತ್ತದೆ. ಆದರೆ ಜನ ಯಾವುದಕ್ಕೆ ಬಂದರು ಅನ್ನುವುದು ಕಲಾವಿದನಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಅಲ್ಲಿ ಬೆಳೆದದ್ದು ಒಂದು ಘಟನೆಗೆ ಸೇರಿದ ಜನ. ರೋಡ್ರಿಗಸ್ ವರ್ಷಗಟ್ಟಲೆ ಬಿಡಿಸಿದ ತೈಲಚಿತ್ರಗಳಿಗೆ ಅಷ್ಟೇ ಜನ ಬಂದಿದ್ದಾರೆ ಅಂತ ಅರ್ಥವಲ್ಲ.

ಇನ್ನು ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದು. ಇನ್‌ಸ್ಟಾಗ್ರಾಂ 2010ರ ಅಕ್ಟೋಬರ್‌ನಲ್ಲಿ ಶುರುವಾದಾಗ ನೀವು ಹಾಕಿದ್ದು ಹಾಕಿದ ಹೊತ್ತಿನ ಪ್ರಕಾರ ಫಾಲೋವರ್ಸ್‌ಗೆ ಕಾಣುತ್ತಿತ್ತು. 2016ರಲ್ಲಿ ಅದು ಬದಲಾಯಿತು. ಜನ ತಮ್ಮ ಫೀಡಿನ 70 ಶೇಕಡಾ ಪೋಸ್ಟುಗಳನ್ನು ನೋಡುವುದೇ ಇಲ್ಲ, ಅದಕ್ಕೇ ಅವರಿಗೆ ಇಷ್ಟವಾಗುವಂಥದ್ದನ್ನು ನಾವೇ ಆರಿಸಿ ಮೇಲೆ ತರುತ್ತೇವೆ ಅಂತ ಕಂಪನಿ ಹೇಳಿತು. ಅಂದಿನಿಂದ ಫಾಲೋವರ್ ಅನ್ನುವ ಸಂಖ್ಯೆಗೂ ನಿಮ್ಮ ಚಿತ್ರ ನಿಜವಾಗಿ ನೋಡುವವರ ಸಂಖ್ಯೆಗೂ ನೇರ ಸಂಬಂಧ ತಪ್ಪಿಹೋಯಿತು. ಟಿಕ್‌ಟಾಕ್ ಬಂದ ಮೇಲಂತೂ ನೀವು ಯಾರನ್ನು ಫಾಲೋ ಮಾಡುತ್ತೀರಿ ಅನ್ನುವುದಕ್ಕಿಂತ, ಯಾವ ವಿಡಿಯೋದಲ್ಲಿ ನಿಮ್ಮ ಬೆರಳು ನಿಲ್ಲುತ್ತದೆ ಅನ್ನುವುದೇ ಮುಖ್ಯವಾಯಿತು. 2020ರ ಆಗಸ್ಟಿನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ತಂದಿತು. ಮರುವರ್ಷ ಅದರ ಮುಖ್ಯಸ್ಥ ಆಡಂ ಮೊಸ್ಸೆರಿ, ನಮ್ಮದು ಇನ್ನು ಬರೀ ಫೋಟೋ ಹಂಚುವ ಆಪ್ ಅಲ್ಲ ಅಂತ ಬಾಯಿಬಿಟ್ಟೇ ಹೇಳಿದರು. ಚಿತ್ರದ ಫೋಟೋ ತೆಗೆದು ಹಾಕುತ್ತಿದ್ದ ಎಷ್ಟೋ ಕಲಾವಿದರು ಕುಂಚದ ಜೊತೆಗೆ ಟ್ರೈಪಾಡು, ರಿಂಗ್ ಲೈಟು, ಎಡಿಟಿಂಗು ಕಲಿಯಬೇಕಾಗಿ ಬಂದದ್ದು ಹೀಗೆ.

ಈಗ ಅಲ್ಲಿ ಎಣಿಕೆಗೆ ಬರುವುದು ಏನು? ಎಷ್ಟು ಹೊತ್ತು ನೋಡಿದರು, ಲೈಕ್ ಕೊಟ್ಟರಾ, ಬೇರೆಯವರಿಗೆ ಕಳಿಸಿದರಾ. ಹೊಸ ವಿಡಿಯೋವನ್ನು ಮೊದಲು ಒಂದಷ್ಟು ಜನಕ್ಕೆ ತೋರಿಸುತ್ತಾರೆ. ಅವರು ಕೊನೆಯವರೆಗೆ ನೋಡಿದರೆ ಇನ್ನಷ್ಟು ಜನಕ್ಕೆ ಹೋಗುತ್ತದೆ. ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುವವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವುದು ಇಲ್ಲೇ. ಸುಳ್ಳು ಅಕೌಂಟುಗಳು ವಿಡಿಯೋ ನೋಡುವುದಿಲ್ಲ. ಮೊದಲು ತೋರಿಸಿದ ಜನರಲ್ಲಿ ಅವೇ ತುಂಬಿದ್ದರೆ, ಒಳ್ಳೆಯ ಕೆಲಸವೂ ಅಲ್ಲೇ ನಿಲ್ಲುತ್ತದೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಗಮನಿಸಿ, ಈ ಎಣಿಕೆಯಲ್ಲಿ ಚಿತ್ರ ಚೆನ್ನಾಗಿದೆಯಾ ಅನ್ನುವ ಪ್ರಶ್ನೆಯೇ ಇಲ್ಲ. ಬೆರಳು ನಿಂತಿತಾ ಅನ್ನುವುದು ಮಾತ್ರ ಇದೆ. ಬೆರಳು ಯಾವುದಕ್ಕೆ ನಿಲ್ಲುತ್ತದೆ? ಪರಿಚಿತ ಮುಖಕ್ಕೆ ನಿಲ್ಲುತ್ತದೆ. ಹೀಗಾಗಿ ಸಿನಿಮಾ ನಟರ, ಆಟಗಾರರ ಭಾವಚಿತ್ರ ಬಿಡಿಸುವವರು ಅಷ್ಟು ಜನ. 'ಇದು ಫೋಟೋನಾ, ಚಿತ್ರಾನಾ' ಅನ್ನುವ ಅನುಮಾನಕ್ಕೆ ನಿಲ್ಲುತ್ತದೆ. ವಿಚಿತ್ರ ಸಾಧನಕ್ಕೆ ನಿಲ್ಲುತ್ತದೆ. ಬಾಯಲ್ಲಿ ಕುಂಚ ಹಿಡಿದು, ಎರಡೂ ಕೈಯಲ್ಲಿ ಒಟ್ಟಿಗೆ, ಕ್ಯಾನ್ವಾಸನ್ನು ತಲೆಕೆಳಗಾಗಿ ಇಟ್ಟು ಬಿಡಿಸಿ ಕೊನೆಗೆ ತಿರುಗಿಸುವುದು. ನೆಟ್ಟಗೆ ಕೂತು, ಒಂದು ಮರದ ಬುಡವನ್ನು ವಾರಗಟ್ಟಲೆ ನೋಡಿ, ಅದರ ತೊಗಟೆಯ ಬಣ್ಣ ಬೆಳಿಗ್ಗೆ ಏನು ಸಂಜೆ ಏನು ಅಂತ ಕಲಿಯುವುದಕ್ಕೆ ಯಾರ ಬೆರಳೂ ನಿಲ್ಲುವುದಿಲ್ಲ. ಆದರೆ ಕೈ ಪಳಗುವುದು ಅಲ್ಲೇ ಅಲ್ವಾ?

ಇಲ್ಲಿಂದ ಬೇಲಿಯ ಕಥೆ ಶುರುವಾಗುತ್ತದೆ. ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಎಲ್ಲ ಥರದ್ದೂ ಬಿಡಿಸುತ್ತಿದ್ದಾಳೆ. ಜಲವರ್ಣದ ಭೂದೃಶ್ಯ, ಇದ್ದಿಲಿನಲ್ಲಿ ಅಜ್ಜಿಯ ಕೈ, ಶಾಯಿಯಲ್ಲಿ ಬೆಕ್ಕು. ಒಂದು ದಿನ ಹೊಳೆಯುವ ಕಣ್ಣೊಂದನ್ನು ಕಲರ್ ಪೆನ್ಸಿಲ್‌ನಲ್ಲಿ ಬಿಡಿಸುತ್ತಾಳೆ. ಅದು ವೈರಲ್ ಆಗುತ್ತದೆ. ಬೆಳಗಾಗುವುದರಲ್ಲಿ ಸಾವಿರಾರು ಜನ. ಮರುದಿನ ಭೂದೃಶ್ಯ ಹಾಕಿದರೆ ಗ್ರಾಫ್ ಕೆಳಗೆ ಬೀಳುತ್ತದೆ. ಇನ್ನೊಂದು ಕಣ್ಣು ಹಾಕುತ್ತಾಳೆ, ಮೇಲೇರುತ್ತದೆ. 'ಅಕ್ಕಾ, ನನ್ನ ಕಣ್ಣೂ ಬಿಡಿಸಿ' ಅಂತ ಕಾಮೆಂಟುಗಳು ಸಾಲುಗಟ್ಟುತ್ತವೆ. ಯಾರೂ ಬಲವಂತ ಮಾಡಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಕೇಳಿದರು. ಒಂದು ವರ್ಷ ಕಳೆಯುವ ಹೊತ್ತಿಗೆ ಅವಳು ಕಣ್ಣು ಬಿಡಿಸುವ ಹುಡುಗಿ ಆಗಿರುತ್ತಾಳೆ. ಇದ್ದಿಲು ಡಬ್ಬಿಯಲ್ಲೇ ಉಳಿದಿರುತ್ತದೆ. ಆ ಅಜ್ಜಿಯ ಕೈಯ ಚಿತ್ರದಲ್ಲಿ ಗಂಟುಗಳು ಸರಿ ಬಂದಿರಲಿಲ್ಲ, ಇನ್ನೂ ಹತ್ತು ಸಲ ಬಿಡಿಸಬೇಕಿತ್ತು. ಆ ಹತ್ತು ಸಲ ಬರಲೇ ಇಲ್ಲ.

ಇಂಥ ಹುಡುಗ ಹುಡುಗಿಯರು ನಿಮ್ಮ ಫೀಡಿನಲ್ಲೂ ಇದ್ದಾರೆ. ಅವರ ಪೇಜಿನಲ್ಲಿ ಕೆಳಗೆ ಕೆಳಗೆ ಹೋಗಿ ನೋಡಿ. ಮೊದಲು ಹತ್ತು ಬಗೆ ಇದ್ದದ್ದು, ಒಂದು ಕಡೆಯಿಂದ ಮೇಲಕ್ಕೆ ಒಂದೇ ಬಗೆ ಆಗಿರುತ್ತದೆ. ಆ ತಿರುವು ಎಲ್ಲಿ ಬಂತು ಅಂತ ಬೆರಳಿಟ್ಟು ತೋರಿಸಬಹುದು. ಕೈ ಚುರುಕಾಗಿದೆ, ಅದು ನಿಜ. ಒಂದೇ ಕೆಲಸವನ್ನು ಸಾವಿರ ಸಲ ಮಾಡಿದರೆ ಚುರುಕಾಗದೇ ಇರುತ್ತದೆಯಾ? ಆದರೆ ಚುರುಕಾಗುವುದು ಬೇರೆ, ಬೆಳೆಯುವುದು ಬೇರೆ.

ಜನ ಜಾಸ್ತಿ ಆದಾಗ ಇನ್ನೊಂದು ತೊಂದರೆ. ಕೆಲಸದ ಬಗ್ಗೆ ನೇರವಾಗಿ ಮಾತಾಡುವವರು ದೂರವಾಗುತ್ತಾರೆ. ರೋಡ್ರಿಗಸ್ ಅವರ ಏಕವ್ಯಕ್ತಿ ಪ್ರದರ್ಶನ 2023ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಕಲಾ ಸುದ್ದಿಯ ಜಾಲತಾಣ ಆರ್ಟ್‌ನೆಟ್‌ನ ವಿಮರ್ಶಕ ಬೆನ್ ಡೇವಿಸ್ ಅದರ ಬಗ್ಗೆ ಬರೆದರು. ಚಿತ್ರಗಳ ಜೊತೆಗೆ ವಿಡಿಯೋಗಳನ್ನೂ ಒರೆಗೆ ಹಚ್ಚಿದ, ಮೆಚ್ಚುಗೆ ಅಷ್ಟಾಗಿ ಇಲ್ಲದ ವಿಮರ್ಶೆ. ಕಲಾವಿದರಿಗೆ ನೋವಾಯಿತು, ಅದನ್ನು ತಮ್ಮ ಅಕೌಂಟಿನಲ್ಲಿ ಹೇಳಿಕೊಂಡರು. ಅಷ್ಟೇ ಸಾಕಾಯಿತು. ಅಭಿಮಾನಿಗಳು ವಿಮರ್ಶಕರ ಮೇಲೆ ಮುಗಿಬಿದ್ದರು, ಸಿಟ್ಟಿನ ಸಂದೇಶಗಳು ಸುರಿದವು. ಡೇವಿಸ್ ಆ ಅನುಭವದ ಮೇಲೆ ಇನ್ನೊಂದು ಲೇಖನವನ್ನೇ ಬರೆದರು. ಜನ ಕಲಾವಿದನನ್ನು ಗೆಳೆಯನೆಂದೇ ಭಾವಿಸಿದಾಗ, ಅವನ ಚಿತ್ರದ ಬಗೆಗಿನ ಮಾತು ಗೆಳೆಯನಿಗೆ ಮಾಡಿದ ಅವಮಾನದಂತೆ ಕೇಳಿಸುತ್ತದೆ ಅನ್ನುವುದು ಅವರ ವಾದದ ತಿರುಳು.

ಆ ವಿಮರ್ಶೆ ಸರಿಯೋ ತಪ್ಪೋ ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಇಪ್ಪತ್ತೇಳು ವರ್ಷದ ಒಬ್ಬ ಕಲಾವಿದ ಮೊದಲ ಸಲ ಗಟ್ಟಿ ವಿಮರ್ಶೆ ಎದುರಿಸುವಾಗ ಹಿಂದೆ ಕೋಟಿಗಟ್ಟಲೆ ಜನ ನಿಂತಿದ್ದರೆ ಆಗುವುದೇನು ಅಂತ ಯೋಚಿಸಿ. ಒಂದು ಕಟುವಾದ ಮಾತನ್ನು ಮನೆಗೆ ತಂದು, ರಾತ್ರಿಯೆಲ್ಲಾ ಹೊರಳಾಡಿ, ಬೆಳಿಗ್ಗೆ 'ಅದರಲ್ಲಿ ಅರ್ಧ ನಿಜ ಇದೆ' ಅಂತ ಒಪ್ಪಿಕೊಳ್ಳುವ ಅವಕಾಶ ತಪ್ಪಿಹೋಗುತ್ತದೆ. ಅಷ್ಟರಲ್ಲಿ ಜನ ಉತ್ತರ ಕೊಟ್ಟಾಗಿರುತ್ತದೆ. ನಿಮ್ಮ ಕೆಲಸ ನೋಡಿ 'ಈ ಭುಜ ಸರಿ ಇಲ್ಲ' ಅನ್ನುವ ಇಬ್ಬರು ಮೂವರನ್ನು ಕಾಪಾಡಿಕೊಳ್ಳಿ. ಅವರಿಗೆ ಚಿತ್ರವನ್ನು ಪೋಸ್ಟ್ ಮಾಡುವ ಮೊದಲೇ ತೋರಿಸಿ. ಪೋಸ್ಟ್ ಆದ ಮೇಲೆ ಅವರೂ ಲೈಕ್ ಒತ್ತಿ ಸುಮ್ಮನಾಗುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲರ ಎದುರೇ ಕಲಿತು ದೊಡ್ಡವರಾದವರು ಇಲ್ವಾ ಅಂತ. ಇದ್ದಾರೆ. ಬೀಪಲ್ ಅನ್ನುವ ಹೆಸರಿನ ಮೈಕ್ ವಿಂಕಲ್‌ಮನ್ 2007ರ ಮೇ 1ರಂದು ದಿನಕ್ಕೊಂದು ಚಿತ್ರ ಮಾಡಿ ಅಂತರ್ಜಾಲದಲ್ಲಿ ಹಾಕುವ ಕೆಲಸ ಶುರು ಮಾಡಿದರು. ಒಂದು ದಿನವೂ ಬಿಡಲಿಲ್ಲ. 2021ರ ಮಾರ್ಚಿನಲ್ಲಿ ಅಂಥ 5,000 ಚಿತ್ರಗಳನ್ನು ಜೋಡಿಸಿದ ಒಂದು ಡಿಜಿಟಲ್ ಕೃತಿ ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಸುದ್ದಿಯಾದದ್ದು ಆ ಬೆಲೆ. ನನಗೆ ಮುಖ್ಯ ಅನ್ನಿಸುವುದು ಆ ಮೊದಲ ವರ್ಷಗಳು. ಶುರುವಿನ ಚಿತ್ರಗಳು ಒರಟಾದ ಕೈಗೆರೆಗಳು. ಆಮೇಲೆ ಬಗೆಬಗೆಯ ಸಾಫ್ಟ್‌ವೇರ್ ಕಲಿಯುತ್ತಾ ಹೋದರು, ಶೈಲಿ ಬದಲಾಗುತ್ತಲೇ ಹೋಯಿತು. ಎಲ್ಲರ ಎದುರೇ ಕಲಿತರು, ನಿಜ. ಆದರೆ ಆಗ ಎದುರಿಗೆ ದೊಡ್ಡ ಗುಂಪು ಇರಲಿಲ್ಲ. ಇವತ್ತು ಒಳ್ಳೆಯದನ್ನು ಮಾಡಲೇಬೇಕು ಅನ್ನುವ ಒತ್ತಡ ಇರಲಿಲ್ಲ. ಕೆಟ್ಟ ಚಿತ್ರ ಹಾಕಿ ಮಲಗಬಹುದಿತ್ತು. ಇವತ್ತು ಎರಡನೇ ತಿಂಗಳಿಗೇ ವೈರಲ್ ಆದ ಹುಡುಗನಿಗೆ ಆ ಬಿಡುವು ಸಿಗುವುದಿಲ್ಲ. ಆ ಬಿಡುವನ್ನು ಅವನೇ ಮಾಡಿಕೊಳ್ಳಬೇಕು.

ಇದೆಲ್ಲ ಫೋನಿನಿಂದ ಬಂದ ಕಷ್ಟ ಅಂದುಕೊಳ್ಳಬೇಡಿ. ಐನೂರು ವರ್ಷ ಹಿಂದೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಅನ್ನುವ ಕಲಾವಿದ ಇದ್ದರು. 1471ರಲ್ಲಿ ಹುಟ್ಟಿದವರು. ಆಗ ಅಚ್ಚುಕೂಟ ಹೊಸದು. 1498ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ಮರದಚ್ಚಿನ 15 ಚಿತ್ರಗಳ ಒಂದು ಪುಸ್ತಕವನ್ನು ತಾವೇ ಪ್ರಕಟಿಸಿದರು. ಒಂದು ಚಿತ್ರ ಬಿಡಿಸಿ ಒಬ್ಬ ಶ್ರೀಮಂತನಿಗೆ ಮಾರುವ ಬದಲು, ಒಂದೇ ಅಚ್ಚಿನಿಂದ ನೂರಾರು ಪ್ರತಿ ತೆಗೆದು ಊರೂರಿಗೆ ಕಳಿಸುವ ದಾರಿ ಅದು. ತಾಯಿ, ಹೆಂಡತಿ ಆಗ್ನೆಸ್ ಸಂತೆಗಳಲ್ಲಿ ಕೂತು ಆ ಹಾಳೆಗಳನ್ನು ಮಾರಿದರು. ಹೆಸರು ಯುರೋಪಿನಲ್ಲೆಲ್ಲಾ ಹಬ್ಬಿತು. ದೊಡ್ಡ 'ಎ' ಅಕ್ಷರದ ಕಾಲುಗಳ ನಡುವೆ ಪುಟ್ಟ 'ಡಿ' ಇಟ್ಟ ಅವರ ಗುರುತು ಎಲ್ಲರಿಗೂ ಗೊತ್ತಾಯಿತು. ಹೆಸರು ಹಬ್ಬಿದ ಮೇಲೆ ಕದಿಯುವವರೂ ಬಂದರು. ಇಟಲಿಯಲ್ಲಿ ಮಾರ್ಕಾಂತೋನಿಯೋ ರೈಮೊಂದಿ ಅನ್ನುವ ಕೆತ್ತನೆಗಾರರು ಡ್ಯೂರರ್ ಚಿತ್ರಗಳನ್ನು ಗುರುತಿನ ಸಮೇತ ನಕಲು ಮಾಡಿ ಮಾರಿದರು.

ಅದೇ ಡ್ಯೂರರ್ 1509ರಲ್ಲಿ ಯಾಕೋಬ್ ಹೆಲ್ಲರ್ ಅನ್ನುವ ವ್ಯಾಪಾರಿಗೆ ಬರೆದ ಪತ್ರವೊಂದಿದೆ. ಹೆಲ್ಲರ್‌ಗಾಗಿ ದೊಡ್ಡ ವರ್ಣಚಿತ್ರವೊಂದನ್ನು ಬಹಳ ಶ್ರಮಪಟ್ಟು ಬಿಡಿಸಿದ್ದರು. ಇಂಥ ಸೂಕ್ಷ್ಮ ಕೆಲಸದಲ್ಲಿ ಹೊಟ್ಟೆ ತುಂಬುವುದಿಲ್ಲ, ಇಷ್ಟು ದಿನವೂ ಅಚ್ಚಿನ ಕೆತ್ತನೆಯನ್ನೇ ಮಾಡಿಕೊಂಡಿದ್ದರೆ ಇವತ್ತು 1,000 ಗುಲ್ಡನ್ (ಆಗಿನ ನಾಣ್ಯ) ಜಾಸ್ತಿ ಇರುತ್ತಿತ್ತು ಅಂತ ಬರೆಯುತ್ತಾರೆ. ಓದಿದಾಗ ಯಾವುದೋ ಇವತ್ತಿನ ಕಲಾವಿದರು ಮಾತಾಡಿದ ಹಾಗೇ ಅನ್ನಿಸುತ್ತದೆ. ಹಬ್ಬುವ ಕೆಲಸದಲ್ಲಿ ದುಡ್ಡಿದೆ, ನಿಧಾನದ ಕೆಲಸದಲ್ಲಿ ಇಲ್ಲ. ಡ್ಯೂರರ್ ಕೆತ್ತನೆಗೆ ಮರಳಿದರು. ಆದರೆ ಸುಲಭವಾಗಿ ಮಾರಾಟವಾಗುವ ಹಳೆಯ ಅಚ್ಚನ್ನೇ ತಿರುಗಿಸುತ್ತಾ ಕೂರಲಿಲ್ಲ. 1513, 1514ರಲ್ಲಿ ಅವರು ಮಾಡಿದ ತಾಮ್ರದ ಕೆತ್ತನೆಗಳು, ಅವರು ವರ್ಣಚಿತ್ರದಲ್ಲಿ ಕಲಿತದ್ದನ್ನೆಲ್ಲಾ ಬೂದು ಗೆರೆಗಳಿಗೆ ತಂದವು. ಬೆಳಕು, ತುಪ್ಪಳ, ಲೋಹ, ಮರ, ಎಲ್ಲವೂ ಬರೀ ಗೆರೆಯಲ್ಲಿ. ಜನರಿಗೆ ತಲುಪುವ ಮಾಧ್ಯಮವನ್ನು ಅವರು ಬಿಡಲಿಲ್ಲ, ಅದರೊಳಗೆ ತಮ್ಮ ಕಷ್ಟದ ಕೆಲಸವನ್ನು ತಂದರು. ನಿಮ್ಮಿಂದ ನಾನು ಬಯಸುವುದೂ ಇದನ್ನೇ.

ಡ್ಯೂರರ್‌ಗೆ ಒಂದು ಅನುಕೂಲ ಇತ್ತು. ಅಚ್ಚಿನ ಹಲಗೆ ಅವರ ಮನೆಯಲ್ಲಿತ್ತು. ನಿಮ್ಮ ಫಾಲೋವರ್ಸ್ ನಿಮ್ಮ ಮನೆಯಲ್ಲಿಲ್ಲ. ವೈನ್ ಅನ್ನುವ ಆರು ಸೆಕೆಂಡಿನ ವಿಡಿಯೋ ಆಪ್ 2013ರಲ್ಲಿ ಬಂತು, 2017ರ ಜನವರಿಯಲ್ಲಿ ಮುಚ್ಚಿತು. ಅಲ್ಲಿ ಲಕ್ಷಾಂತರ ಜನರನ್ನು ಗಳಿಸಿದವರು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಒಂದೇ ರಾತ್ರಿಗೆ ಎಷ್ಟೋ ಹುಡುಗರು ತಮ್ಮ ಫಾಲೋವರ್ಸನ್ನೆಲ್ಲಾ ಕಳೆದುಕೊಂಡರು. 2024ರಲ್ಲಿ ಇನ್‌ಸ್ಟಾಗ್ರಾಂನ ಒಡೆತನ ಇರುವ ಮೆಟಾ ಕಂಪನಿ ಜನರ ಪೋಸ್ಟುಗಳನ್ನು ಎಐ ತರಬೇತಿಗೆ ಬಳಸುತ್ತದೆ ಅನ್ನುವ ವಿಷಯಕ್ಕೆ ಸಿಟ್ಟಾದ ಕಲಾವಿದರು, ಛಾಯಾಗ್ರಾಹಕಿ ಜಿಂಗ್ನಾ ಝಾಂಗ್ ಕಲಾವಿದರಿಗಾಗಿ ಕಟ್ಟಿದ ಕಾರಾ ಅನ್ನುವ ಆಪಿಗೆ ಹೊರಟರು. ಸುಮಾರು ಒಂದು ವಾರದಲ್ಲಿ 40 ಸಾವಿರ ಇದ್ದ ಬಳಕೆದಾರರು ಆರೂವರೆ ಲಕ್ಷ ಆದರು. ಅಷ್ಟು ಜನರನ್ನು ತಾಳಿಕೊಳ್ಳಲು ಬಂದ ಸರ್ವರ್ ಬಿಲ್ಲೇ 96 ಸಾವಿರ ಡಾಲರ್. ಕಲಾವಿದರು ಹೋದರು. ಆದರೆ ಸುಮ್ನೆ ಚಿತ್ರ ನೋಡಲು ಬರುತ್ತಿದ್ದ ಸಾಮಾನ್ಯ ಜನ ಹಳೆಯ ಜಾಗದಲ್ಲೇ ಉಳಿದರು. ಹೀಗಾಗಿ ಬಹಳ ಕಲಾವಿದರು ಎರಡೂ ಕಡೆ ಕಾಲಿಟ್ಟುಕೊಂಡರು. ಅದು ಅವರ ತಪ್ಪಲ್ಲ.

ಇದಕ್ಕೆ ನನಗೆ ಗೊತ್ತಿರುವ ಗಟ್ಟಿ ಉಪಾಯ ಒಂದೇ. ಇಮೇಲ್ ಪಟ್ಟಿ. ಹಳೆಯ ಕಾಲದ್ದು ಅನ್ನಿಸಬಹುದು. ಆದರೆ ಒಬ್ಬರು ತಾವಾಗಿ ಇಮೇಲ್ ವಿಳಾಸ ಕೊಟ್ಟರೆ, ನಿಮಗೂ ಅವರಿಗೂ ನಡುವೆ ಯಾವ ಕಂಪನಿಯ ಆಯ್ಕೆಯೂ ಬರುವುದಿಲ್ಲ. ಎರಡು ತಿಂಗಳಿಗೊಮ್ಮೆ ಒಂದು ಪತ್ರ ಬರೆಯಿರಿ, ಎರಡು ಹೊಸ ಚಿತ್ರ ಇಡಿ, ಸಾಕು. ಒಂದು ಲಕ್ಷ ಫಾಲೋವರ್ಸ್ ಇರುವಾಗ ಇದನ್ನು ಶುರು ಮಾಡುವವರು ಜಾಸ್ತಿ. ಮುನ್ನೂರು ಜನ ಇರುವಾಗಲೇ ಶುರು ಮಾಡಿ.

ದುಡ್ಡಿನ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಫಾಲೋವರ್ಸ್ ಅಂದರೆ ಆದಾಯ ಅಲ್ಲ. ಸಂಗೀತಗಾರ ಜ್ಯಾಕ್ ಕಾಂಟೆ ಉಳಿತಾಯವನ್ನೆಲ್ಲಾ ಸುರಿದು ಒಂದು ವಿಡಿಯೋ ಮಾಡಿದರು. ಜನ ಮುಗಿಬಿದ್ದು ನೋಡಿದರು. ಆದರೆ ಜಾಹೀರಾತಿನಿಂದ ಬಂದದ್ದು ಖರ್ಚಿನ ಒಂದು ಚೂರು. ಅದೇ ಬೇಸರದಲ್ಲಿ, ಅಭಿಮಾನಿಗಳು ನೇರವಾಗಿ ಹಣ ಕೊಡುವ ಪೇಟ್ರಿಯಾನ್ ಅನ್ನುವ ವೇದಿಕೆಯನ್ನು 2013ರಲ್ಲಿ ಗೆಳೆಯನ ಜೊತೆ ಸೇರಿ ಶುರು ಮಾಡಿದರು. ಅದಕ್ಕೂ ಮೊದಲು, 2008ರಲ್ಲೇ, ಅಮೆರಿಕದ ಲೇಖಕ ಕೆವಿನ್ ಕೆಲ್ಲಿ ಒಂದು ಪ್ರಬಂಧದಲ್ಲಿ ಹೇಳಿದ್ದರು: ವರ್ಷಕ್ಕೆ 100 ಡಾಲರ್ ಖರ್ಚು ಮಾಡುವ 1,000 ನಿಜವಾದ ಅಭಿಮಾನಿಗಳಿದ್ದರೆ ಕಲಾವಿದ ಬದುಕಬಹುದು. ಲೆಕ್ಕ ಚೆನ್ನಾಗಿದೆ, ಅದರ ದಿಕ್ಕೂ ಸರಿಯಿದೆ. ಆದರೆ ಆ ಸಾವಿರ ಜನ ಸಿಗುವುದಕ್ಕೆ ಎಷ್ಟು ವರ್ಷ ಬೇಕು ಅನ್ನುವುದನ್ನು ಯುವಕರು ಮರೆಯಬಾರದು. ಅಲ್ಲಿಯವರೆಗೆ ಬೇರೆ ದುಡಿಮೆ ಇಟ್ಟುಕೊಳ್ಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ತಿಂಗಳ ಬಾಡಿಗೆ ವೈರಲ್ ಆಗುವುದರ ಮೇಲೆ ನಿಂತಿದ್ದರೆ ನೀವು ಕಣ್ಣು ಬಿಟ್ಟು ಬೇರೇನೂ ಬಿಡಿಸಲಾರಿರಿ.

ಮೋಸದ ಬಗ್ಗೆ ಎಚ್ಚರಿಸಲೇಬೇಕು. ಸ್ವಲ್ಪ ಹೆಸರು ಬಂದ ಕೂಡಲೇ ಡಿಎಂನಲ್ಲಿ, ಅಂದರೆ ಖಾಸಗಿಯಾಗಿ, ಒಂದು ಸಂದೇಶ ಬರುತ್ತದೆ. 'ನನ್ನ ಹೆಂಡತಿ ನಿಮ್ಮ ಚಿತ್ರಗಳನ್ನು ನೋಡಿ ಬಹಳ ಮೆಚ್ಚಿಕೊಂಡಿದ್ದಾಳೆ, ಅವಳಿಗೆ ಸರ್ಪ್ರೈಸ್ ಕೊಡಬೇಕು.' ನೀವು ಹೇಳಿದ ಬೆಲೆಗೆ ಚೌಕಾಸಿ ಇಲ್ಲದೆ ಒಪ್ಪುತ್ತಾರೆ. ನಾವು ಬೇರೆ ದೇಶಕ್ಕೆ ಮನೆ ಬದಲಿಸುತ್ತಿದ್ದೇವೆ, ಸಾಗಿಸುವವರ ಹಣವನ್ನೂ ಸೇರಿಸಿ ಚೆಕ್ ಕಳಿಸುತ್ತೇವೆ, ಅವರ ಪಾಲನ್ನು ನೀವೇ ಅವರಿಗೆ ಕಳಿಸಿಬಿಡಿ ಅನ್ನುತ್ತಾರೆ. ನೀವು ಕಳಿಸುತ್ತೀರಿ. ಆಮೇಲೆ ಚೆಕ್ ವಾಪಸ್ ಬರುತ್ತದೆ. ಇದು ಜಗತ್ತಿನೆಲ್ಲೆಡೆ ಕಲಾವಿದರ ಮೇಲೆ ವರ್ಷಗಳಿಂದ ನಡೆಯುತ್ತಿರುವ ಮೋಸ. ಬೆಲೆಗಿಂತ ಜಾಸ್ತಿ ಕೊಟ್ಟು, ಉಳಿದದ್ದನ್ನು ಬೇರೆಯವರಿಗೆ ಕಳಿಸಿ ಅಂದರೆ ಅಲ್ಲೇ ಮಾತು ನಿಲ್ಲಿಸಿ. ಇನ್ನೊಂದು ಬಗೆಯವರು ಮೋಸಗಾರರಲ್ಲ, ಆದರೆ 'ದುಡ್ಡು ಕೊಡಲ್ಲ, ಹೆಸರು ಬರುತ್ತೆ' ಅನ್ನುತ್ತಾರೆ. ಅವರಿಗೆ ನಿಮ್ಮ ಕಮಿಷನ್ ದರ, ಅಂದರೆ ಕೇಳಿದ ಚಿತ್ರ ಬಿಡಿಸಿಕೊಡುವ ಬೆಲೆ, ಬರೆದು ಕಳಿಸಿ. ಯಾವುದಕ್ಕೆ ಬಳಸುತ್ತಾರೆ, ಎಷ್ಟು ಕಾಲ, ಮೂಲ ಚಿತ್ರ ಯಾರ ಹತ್ತಿರ ಉಳಿಯುತ್ತದೆ, ಈ ಮೂರನ್ನು ಬರಹದಲ್ಲಿ ಪಡೆಯದೆ ಫೈಲ್ ಕೊಡಬೇಡಿ.

ಈಗ ನಿಮ್ಮ ಕೈಗೆ ಬರೋಣ. ಪೋಸ್ಟ್ ಮಾಡದ ಒಂದು ಸ್ಕೆಚ್‌ಬುಕ್ ಇಟ್ಟುಕೊಳ್ಳಿ. ಅದರ ಫೋಟೋ ತೆಗೆಯಬೇಡಿ, 'ನನ್ನ ಖಾಸಗಿ ಪುಸ್ತಕ' ಅಂತ ರೀಲ್ಸ್ ಕೂಡ ಮಾಡಬೇಡಿ. ಅದರಲ್ಲಿ ನಿಮಗೆ ಬಾರದ್ದನ್ನೇ ಬಿಡಿಸಿ. ಕೈಬೆರಳು ಬಾರದಿದ್ದರೆ ಕೈಬೆರಳು, ಬಟ್ಟೆಯ ಮಡಿಕೆ ಬಾರದಿದ್ದರೆ ಮಡಿಕೆ. ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ. ಕ್ಯಾಮೆರಾ ಎದುರಿಲ್ಲದಾಗ ಗೆರೆ ಬೇರೆಯಾಗಿ ಬರುತ್ತದೆ, ಇದನ್ನು ನೀವೇ ಕಾಣುತ್ತೀರಿ. ವಿಡಿಯೋಗಾಗಿ ಬಿಡಿಸುವಾಗ ಕೈ ಎಲ್ಲಿ ಅಡ್ಡ ಬರುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ ಅನ್ನುವ ಕಡೆಗೆ ಅರ್ಧ ಮನಸ್ಸು ಹೋಗಿರುತ್ತದೆ. ತಪ್ಪಿದ ಗೆರೆಯನ್ನು ಧೈರ್ಯವಾಗಿ ಒರೆಸುವುದಿಲ್ಲ, ಏಕೆಂದರೆ ವೇಗವಾಗಿ ಓಡಿಸಿ ತೋರಿಸುವ ಟೈಮ್‌ಲ್ಯಾಪ್ಸ್ ವಿಡಿಯೋ ಕೆಡುತ್ತದೆ. ನಡುವೆ ಚಿತ್ರ ಬೇರೆ ದಾರಿ ಹಿಡಿಯಿತು ಅಂದರೆ ಹಿಂದೆ ಹೋಗುವುದಿಲ್ಲ, ಏಕೆಂದರೆ ಕೊನೆ ಏನು ಅಂತ ಮೊದಲೇ ಹೇಳಿ ಆಗಿರುತ್ತದೆ. ಹೊಸದು ಹುಟ್ಟುವುದು ಆ ಒರೆಸುವಿಕೆಯಲ್ಲಿ, ಆ ದಾರಿ ತಪ್ಪುವುದರಲ್ಲಿ.

ಪೋಸ್ಟ್ ಮಾಡುವುದರಲ್ಲೂ ಜನರನ್ನು ನಿಧಾನಕ್ಕೆ ಪಳಗಿಸಬಹುದು. ಕಣ್ಣಿನ ಚಿತ್ರ ಮೂರು ಹಾಕಿದರೆ, ಅಜ್ಜಿಯ ಕೈಯಂಥ ಚಿತ್ರ ಒಂದು ಹಾಕಿ. ಗ್ರಾಫ್ ಬೀಳುತ್ತದೆ, ಬೀಳಲಿ. ಅದಕ್ಕೆ ನಿಂತ ಆ ಕೆಲವೇ ಜನ ಯಾರು ಅಂತ ನೋಡಿ, ಅವರ ಕಾಮೆಂಟಿಗೆ ಉತ್ತರ ಬರೆಯಿರಿ. ಮುಂದೆ ನಿಮ್ಮ ಇಮೇಲ್ ಪಟ್ಟಿಯಲ್ಲಿ, ನಿಮ್ಮ ಪ್ರದರ್ಶನದಲ್ಲಿ ಇರುವವರು ಅವರೇ. ಮುಗಿದ ಚಿತ್ರವನ್ನು ಪೂರ್ತಿಯಾಗಿ, ಸದ್ದಿಲ್ಲದೆ, ಕೆಲವು ಸೆಕೆಂಡ್ ಜಾಸ್ತಿ ತೋರಿಸಿ. ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಲೈಕ್ ಸಂಖ್ಯೆಯನ್ನು ಮರೆಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಎಷ್ಟು ಜನ ನೋಡಿದರು ಅನ್ನುವ ಲೆಕ್ಕ (ಇನ್‌ಸೈಟ್ಸ್) ನೋಡುವುದಕ್ಕೆ ವಾರದಲ್ಲಿ ಒಂದು ದಿನ ಇಟ್ಟುಕೊಳ್ಳಿ.

ತಂದೆ ತಾಯಂದಿರಿಗೆ ಒಂದು ಮಾತು. ಹದಿಮೂರು ತುಂಬದ ಮಕ್ಕಳಿಗೆ ಈ ಆಪ್‌ಗಳು ಸ್ವಂತ ಅಕೌಂಟ್ ಕೊಡುವುದಿಲ್ಲ, ಆ ನಿಯಮವನ್ನು ಮುರಿಯಬೇಡಿ. ನಂತರವೂ ಡಿಎಂಗಳನ್ನು ಯಾರು ನೋಡುತ್ತಾರೆ ಅಂತ ಮಗುವಿನ ಜೊತೆ ಕೂತು ಮೊದಲೇ ಮಾತಾಡಿ. ಮಗಳ ಚಿತ್ರಕ್ಕೆ ಎಷ್ಟು ಲೈಕ್ ಬಂತು ಅಂತ ದಯವಿಟ್ಟು ಕೇಳಬೇಡಿ. ಇವತ್ತು ಏನು ಬಿಡಿಸಿದೆ, ಎಲ್ಲಿ ಕಷ್ಟವಾಯಿತು ಅಂತ ಕೇಳಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ನನಗೆ ಈಗಾಗಲೇ ಸಾಕಷ್ಟು ಫಾಲೋವರ್ಸ್ ಇದ್ದಾರೆ. ಎಲ್ಲರೂ ಒಂದೇ ಬಗೆಯ ಚಿತ್ರಕ್ಕೆ ಬಂದವರು. ನನಗೆ ಈಗ ಅದು ಬೇಡವಾಗಿದೆ. ಅಕೌಂಟ್ ಡಿಲೀಟ್ ಮಾಡಿ ಹೊಸದು ಶುರು ಮಾಡಲಾ?'

ಡಿಲೀಟ್ ಮಾಡಬೇಡಿ ಅಂದೆ. ಹಳೆಯ ಚಿತ್ರಗಳಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಬೇಡವಾದದ್ದನ್ನು ಬೇರೆಯವರಿಗೆ ಕಾಣದಂತೆ ಆರ್ಕೈವ್‌ಗೆ ಹಾಕಿ. ಒಂದು ತಿಂಗಳು ಏನೂ ಪೋಸ್ಟ್ ಮಾಡದೆ ಹೊಸದನ್ನು ಬಿಡಿಸಿ. ಒಂದು ಹತ್ತು ಹನ್ನೆರಡು ಕೆಲಸ ಕೈಯಲ್ಲಿ ಆಗಲಿ. ಆಮೇಲೆ ಒಂದು ಪೋಸ್ಟಿನಲ್ಲಿ ನೇರವಾಗಿ ಬರೆಯಿರಿ, ನಾನು ಈಗ ಇದನ್ನು ಕಲಿಯುತ್ತಿದ್ದೇನೆ, ಇನ್ನು ಇಲ್ಲಿ ಇದು ಬರುತ್ತದೆ ಅಂತ. ಕೆಲವರು ಅನ್‌ಫಾಲೋ ಮಾಡುತ್ತಾರೆ. ಉಳಿದವರಿಗೆ ಇಮೇಲ್ ಪಟ್ಟಿಯ ಲಿಂಕ್ ಕೊಡಿ. ಹಳೆಯ ಬಗೆಯ ಕಮಿಷನ್ ಒಪ್ಪಿಕೊಂಡಿದ್ದರೆ ಅವನ್ನು ಮುಗಿಸಿಕೊಡಿ, ಹೊಸದು ಒಪ್ಪಿಕೊಳ್ಳಬೇಡಿ. 'ಹೊಸದು ಹನ್ನೆರಡು ಆಗುವ ಮೊದಲೇ ತೋರಿಸಬೇಕು ಅನ್ನಿಸಿದರೆ?' ಅಂತ ಕೇಳಿದಳು. ನಿಮ್ಮ ಕೆಲಸದ ಬಗ್ಗೆ ಮುಲಾಜಿಲ್ಲದೆ ಮಾತಾಡುವ ಒಬ್ಬರ ಮನೆಗೆ ಹಾಳೆಗಳನ್ನು ತೆಗೆದುಕೊಂಡು ಹೋಗಿ ಅಂದೆ.